ಅರ್ಜಿ ತಿರಸ್ಕೃತವಾದ ಮೇಲೆ: ಇ.ಎಸ್.ಐ. ಮೇಲ್ಮನವಿಯ ಮೊದಲ ಪಾಠ

ಪುಣೆಯ ಸ್ವಾರಗೇಟ್ ದಾಟಿ ಸಾತಾರಾ ರಸ್ತೆ ಹಿಡಿದರೆ ಎಡಗಡೆ ಮಾರ್ಕೆಟ್ ಯಾರ್ಡು, ಅದಕ್ಕೆ ಹೊಂದಿಕೊಂಡೇ ಬಿಬವೇವಾಡಿ. ಬಸ್ಸಿನವರು ಬರೀ ‘ಅಪ್ಪರ್’ ಎಂದು ಕೂಗುವ ಅಪ್ಪರ್ ಇಂದಿರಾನಗರವೂ ಇದೇ ಮಗ್ಗುಲಲ್ಲಿದೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಪುಣೆಗೆ ಬಂದ ನಮ್ಮವರಿಗೆ ಈ ಬಡಾವಣೆಯ ಹೆಸರು ಒಂದಲ್ಲ ಒಂದು ದಿನ ಕಿವಿಗೆ ಬಿದ್ದೇ ಬೀಳುತ್ತದೆ. ಕಾರಣ, ಕಾರ್ಮಿಕರ ರಾಜ್ಯ ವಿಮಾ ನಿಗಮದ, ಅಂದರೆ ಎಲ್ಲರೂ ಇ.ಎಸ್.ಐ. ಎನ್ನುವ ಸಂಸ್ಥೆಯ ಪುಣೆ ಉಪ ಪ್ರಾದೇಶಿಕ ಕಚೇರಿ ಇರುವುದು ಇಲ್ಲಿಯ ಪಂಚದೀಪ ಭವನದಲ್ಲಿ. ಇ.ಎಸ್.ಐ. ಆಸ್ಪತ್ರೆಯೂ ಇಲ್ಲಿಯೇ. ಕಾಯಿಲೆ ಬಿದ್ದವರು ಆಸ್ಪತ್ರೆಗೆ ಬರುತ್ತಾರೆ, ಕಾಯಿಲೆಯ ದಿನಗಳ ಹಣ ಸಿಗಲಿಲ್ಲ ಎನ್ನುವವರು ಕೊನೆಗೆ ಕಚೇರಿಯ ಕಡೆ ಬರುತ್ತಾರೆ.

ಈ ಬರಹ ಎರಡನೆಯವರಿಗಾಗಿ. ಅರ್ಜಿ ತಿರಸ್ಕೃತವಾಗಿದೆ, ಮುಂದೇನು ಗೊತ್ತಿಲ್ಲ, ವಕೀಲರನ್ನು ಇಡಲು ದುಡ್ಡಿಲ್ಲ, ಮರಾಠಿ ಮಾತಾಡಲು ಬರುತ್ತದೆ ಆದರೆ ಬರೆಯಲು ಬರುವುದಿಲ್ಲ. ಅಂಥವರಿಗೆ ಮೊದಲ ಪಾಠ.

ಇ.ಎಸ್.ಐ. ಅಂದರೆ ಏನು ಎಂಬುದನ್ನು ಬೇಗ ಮುಗಿಸೋಣ. ಕಾಯ್ದೆ ಆದದ್ದು 1948ರಲ್ಲಿ. ಯೋಜನೆ ಮೊದಲು ಜಾರಿಗೆ ಬಂದದ್ದು 1952ರ ಫೆಬ್ರವರಿ 24ರಂದು, ಕಾನಪುರ ಮತ್ತು ದೆಹಲಿಯಲ್ಲಿ. ಇವತ್ತಿನ ಲೆಕ್ಕದಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ಪಗಾರದ ಶೇ. 0.75ನ್ನು ಕಾರ್ಮಿಕನಿಂದ ಹಿಡಿಯುತ್ತಾರೆ, ಮಾಲೀಕ ಶೇ. 3.25 ಸೇರಿಸಿ ಕಟ್ಟಬೇಕು. 15,600 ರೂಪಾಯಿ ಪಗಾರದವನಿಗೆ ಇದು ತಿಂಗಳಿಗೆ 117 ರೂಪಾಯಿ, ಮಾಲೀಕನಿಗೆ 507. ಈ ಹಣಕ್ಕೆ ವಂತಿಗೆ ಎಂದು ಹೆಸರು. ಇದಕ್ಕೆ ಪ್ರತಿಯಾಗಿ ಕುಟುಂಬಕ್ಕೆ ಚಿಕಿತ್ಸೆ, ಕಾಯಿಲೆಯ ದಿನಗಳಿಗೆ ಭತ್ಯೆ, ಹೆರಿಗೆಗೆ 26 ವಾರದ ಪೂರ್ತಿ ಪಗಾರ, ಕೆಲಸದಲ್ಲಿ ಗಾಯವಾದರೆ ಪರಿಹಾರ, ಆ ಗಾಯದಿಂದ ಸತ್ತರೆ ಅವಲಂಬಿತರಿಗೆ ಪಿಂಚಣಿ. ಪಿ.ಎಫ್. ಇದಲ್ಲ, ಅದರ ಕಚೇರಿಯೇ ಬೇರೆ. ಮಾರ್ಕೆಟ್ ಯಾರ್ಡಿನ ಹಮಾಲರ ವ್ಯವಸ್ಥೆಯೂ ಬೇರೆ, ಅವರದು 1969ರ ಮಾಥಾಡಿ ಕಾಯ್ದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, 1948ರ ಕಾಯ್ದೆಯ ವಿಷಯಗಳು ಅದರೊಳಗೆ ಸೇರಿವೆ. ಹೊಸ ವ್ಯವಸ್ಥೆ ಪೂರ್ತಿ ನೆಲೆಗೊಳ್ಳುವವರೆಗೆ ಹಳೆಯ ನಿಯಮಗಳೇ ನಡೆಯುತ್ತವೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಆದ್ದರಿಂದ ನಾನು ಕಲಂ ಸಂಖ್ಯೆಗಳನ್ನು ಇಲ್ಲಿ ಕೊಡುವುದಿಲ್ಲ. ಅರ್ಜಿ ಬರೆಯುವ ಕಾರ್ಮಿಕನಿಗೆ ಅವು ಬೇಕಾಗಿಯೂ ಇಲ್ಲ. ಯಾರೋ ಹೇಳಿಕೊಟ್ಟ ಹತ್ತು ಕಲಂ ತುರುಕಿದ ಅರ್ಜಿಗಿಂತ, ನಡೆದದ್ದನ್ನು ತಾರೀಖಿನ ಸಮೇತ ಬರೆದ ಅರ್ಧ ಪುಟದ ಅರ್ಜಿಗೇ ಹೆಚ್ಚು ಬಲ.

ಈಗ ಪಾಠಕ್ಕೆ ಬರೋಣ. ಈ ವಿಷಯದ ಮಾತುಕತೆ ಹೆಚ್ಚು ಕಡಿಮೆ ಹೀಗೇ ಶುರುವಾಗುತ್ತದೆ:

“ಸರ್, ನನ್ನ ಕ್ಲೇಮ್ ರಿಜೆಕ್ಟ್ ಆಗೈತ್ರಿ.”

“ಯಾಕಂತ ಬರದಾರ?”

“ಬರದಿಲ್ರಿ. ಖಿಡಕಿಯೊಳಗ ಕುಂತವ್ರು ‘ನಹೀ ಹೋಗಾ’ ಅಂದ್ರು.”

“ಯಾವ ತಾರೀಖಿಗೆ?”

“ಹೋದ ತಿಂಗಳಾ ಏನೋ ನೋಡ್ರಿ.”

ಇಲ್ಲಿ ತಿರಸ್ಕಾರವೇ ಇನ್ನೂ ಆಗಿಲ್ಲ. ಕಿಟಕಿಯಲ್ಲಿ ಬಾಯಿಮಾತಿನಲ್ಲಿ ಹೇಳಿದ ‘ಆಗುವುದಿಲ್ಲ’ ಎಂಬುದಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ. ಯಾಕೆಂದರೆ ಅದಕ್ಕೆ ತಾರೀಖಿಲ್ಲ, ಸಹಿಯಿಲ್ಲ, ಕಾರಣವಿಲ್ಲ. ಹಾಗಾಗಿ ಮೊದಲ ಕೆಲಸ ಕಾರಣವನ್ನು ಬರಹದಲ್ಲಿ ಪಡೆಯುವುದು. ಕರ್ನಾಟಕದ ಕಚೇರಿಗಳಲ್ಲಿ ಇದಕ್ಕೆ ಹಿಂಬರಹ ಎನ್ನುತ್ತೇವೆ. ಒಂದು ಹಾಳೆಯಲ್ಲಿ ನಿಮ್ಮ ವಿಮಾ ಸಂಖ್ಯೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನ ಭತ್ಯೆ ಕೇಳಿದ್ದಿರಿ, ಅದು ಯಾವ ಕಾರಣಕ್ಕೆ ಮಂಜೂರಾಗಿಲ್ಲ ಎಂದು ತಿಳಿಸಬೇಕು, ಇಷ್ಟೇ ಬರೆಯಿರಿ. ಎರಡು ಪ್ರತಿ ಮಾಡಿ. ಕಚೇರಿಯ ಆವಕ-ಜಾವಕ ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ನಂಬರು ಹಾಕಿಸಿಕೊಳ್ಳಿ. ಸೀಲು ಹಾಕಲು ಒಲ್ಲೆ ಎಂದರೆ ಜಗಳ ಬೇಡ. ಹತ್ತಿರದ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಭಾಷೆಯ ಚಿಂತೆ ಬಹಳ ಜನಕ್ಕಿದೆ. ಸಂವಿಧಾನದ 350ನೇ ವಿಧಿ ಅಹವಾಲು ಸಲ್ಲಿಸುವವನಿಗೆ ಭಾಷೆಯ ಹಕ್ಕನ್ನು ಕೊಡುತ್ತದೆ. ಕೇಂದ್ರದ ಅಧಿಕಾರಿಗೆ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದು. ಹಕ್ಕು ಇದೆ ಎಂಬುದು ಒಂದು, ಕೆಲಸ ಆಗುವುದು ಇನ್ನೊಂದು. ಪುಣೆಯಲ್ಲಿ ಕನ್ನಡ ಅರ್ಜಿ ಕೊಟ್ಟರೆ ಅದನ್ನು ಓದುವವರು ಸಿಗುವವರೆಗೆ ಅದು ಕಡತದಲ್ಲಿ ಮಲಗುತ್ತದೆ. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದರೆ ಅವರ ಕೈಯಲ್ಲೇ ಬರೆಸಿ. ಎಂಟನೇ ತರಗತಿಯ ಹುಡುಗಿ ಬರೆದ ಶುದ್ಧ ಮರಾಠಿ, ಏಜೆಂಟರ ಅರೆಬರೆ ಇಂಗ್ಲಿಷಿಗಿಂತ ಎಷ್ಟೋ ಮೇಲು.

ಕಾರಣ ಬರಹದಲ್ಲಿ ಬಂತು ಎಂದಿಟ್ಟುಕೊಳ್ಳಿ. ಈಗ ಅದನ್ನು ಬಿಡಿಸಿ ನೋಡಬೇಕು. ಹೆಚ್ಚಿನ ತಿರಸ್ಕಾರಗಳು ಒಂದು ಸಂಖ್ಯೆಯ ಮೇಲೋ ಒಂದು ಕಾಗದದ ಮೇಲೋ ನಿಂತಿರುತ್ತವೆ. ಆ ಸಂಖ್ಯೆಯನ್ನು, ಆ ಕಾಗದವನ್ನು ಕೊಟ್ಟವನು ಸಾಮಾನ್ಯವಾಗಿ ಕಾರ್ಮಿಕನಲ್ಲ. ಮಾಲೀಕ, ಗುತ್ತಿಗೆದಾರ ಅಥವಾ ವೈದ್ಯ. ಮೇಲ್ಮನವಿ ಎಂದರೆ ಆ ಒಂದು ಸಂಗತಿ ತಪ್ಪು ಎಂದು ಇನ್ನೊಂದು ಕಾಗದದಿಂದ ತೋರಿಸುವುದು. ನನಗೆ ಮೂವರು ಮಕ್ಕಳು, ಬಾಡಿಗೆ ಕಟ್ಟಲಾಗುತ್ತಿಲ್ಲ ಎಂಬುದೆಲ್ಲ ನಿಜವೇ ಇರಬಹುದು. ಆದರೆ ಅಧಿಕಾರಿಯ ಮೇಜಿನ ಮೇಲಿರುವ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ.

ಒಂದು ಉದಾಹರಣೆ ಹಿಡಿದು ಕೊನೆಯವರೆಗೆ ಹೋಗೋಣ. ಇಂಡಿ ತಾಲ್ಲೂಕಿನ ಮಲ್ಲಪ್ಪ ಎಂದಿರಲಿ. ಹೆಸರೂ ಸಂಗತಿಯೂ ಪಾಠಕ್ಕಾಗಿ ನಾನು ಕಟ್ಟಿದ್ದು. ಒಂದು ದೊಡ್ಡ ಕಟ್ಟಡದಲ್ಲಿ ಸ್ವಚ್ಛತೆಯ ಕೆಲಸ, ಗುತ್ತಿಗೆದಾರನ ಕೈಕೆಳಗೆ, ದಿನಕ್ಕೆ 600 ರೂಪಾಯಿ. 2026ರ ಫೆಬ್ರವರಿಯಲ್ಲಿ ಟೈಫಾಯ್ಡ್ ಆಗಿ 20 ದಿನ ಮಲಗಿದ. ಇ.ಎಸ್.ಐ. ದವಾಖಾನೆಯ ವೈದ್ಯರ ಸರ್ಟಿಫಿಕೇಟ್ ಇದೆ. ಭತ್ಯೆ ಕೇಳಿದರೆ ‘ವಂತಿಗೆಯ ದಿನಗಳು ಸಾಲದು’ ಎಂಬ ಉತ್ತರ.

ಇದರ ಅರ್ಥ ತಿಳಿಯಲು ಇ.ಎಸ್.ಐ. ಪಂಚಾಂಗ ಗೊತ್ತಿರಬೇಕು. ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ಮಾಡಿದ್ದಾರೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಮೊದಲನೆಯದರ ಫಲ ಸಿಗುವುದು ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದರ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಮಲ್ಲಪ್ಪ ಕಾಯಿಲೆ ಬಿದ್ದದ್ದು ಫೆಬ್ರವರಿಯಲ್ಲಿ. ಹಾಗಾಗಿ ನೋಡಬೇಕಾದದ್ದು 2025ರ ಏಪ್ರಿಲ್–ಸೆಪ್ಟೆಂಬರ್ ಅವಧಿಯನ್ನು. ಆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ಇದ್ದರೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಭತ್ಯೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ. ಮೊದಲ ಎರಡು ದಿನ ಲೆಕ್ಕಕ್ಕಿಲ್ಲ. ಮಲ್ಲಪ್ಪನಿಗೆ ದಿನಕ್ಕೆ 420 ರೂಪಾಯಿಯಂತೆ 18 ದಿನಕ್ಕೆ 7,560 ರೂಪಾಯಿ ಬರಬೇಕಿತ್ತು.

ದಾಖಲೆಯಲ್ಲಿ ಅವನ ದಿನಗಳು ಎಷ್ಟಿವೆ? ಏಪ್ರಿಲ್ 24, ಮೇ 25, ಜೂನ್ 15. ಒಟ್ಟು 64. ಆಮೇಲೆ ಖಾಲಿ. ಆದರೆ ಮಲ್ಲಪ್ಪ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ತಿಂಗಳು ಅದೇ ಕಟ್ಟಡ ಗುಡಿಸಿದ್ದಾನೆ, ಪಗಾರದಲ್ಲಿ ಇ.ಎಸ್.ಐ. ಹಣ ಕಟ್ ಆಗಿದೆ. ಏನಾಗಿದೆ ನೋಡಿ: ಜೂನ್ ಮಧ್ಯದಲ್ಲಿ ಗುತ್ತಿಗೆದಾರ ಬದಲಾಗಿದ್ದಾನೆ. ಹೊಸಬ ಮಲ್ಲಪ್ಪನ ಹಳೆಯ ವಿಮಾ ಸಂಖ್ಯೆ ಕೇಳಲೇ ಇಲ್ಲ, ಹೊಸ ಸಂಖ್ಯೆ ಮಾಡಿಸಿಬಿಟ್ಟ. ಆ ಹೊಸ ಸಂಖ್ಯೆಯಲ್ಲಿ ಜುಲೈ 23, ಆಗಸ್ಟ್ 22, ಸೆಪ್ಟೆಂಬರ್ 25, ಒಟ್ಟು 70 ದಿನ ಬಿದ್ದಿವೆ. ಕೂಡಿಸಿದರೆ 134. ಬೇಕಾದ್ದು 78. ಆದರೆ ಕಂಪ್ಯೂಟರಿಗೆ ಅವನು ಇಬ್ಬರು ಮನುಷ್ಯರು. ಒಬ್ಬನಿಗೆ 64 ದಿನ, ಸಾಲದು. ಇನ್ನೊಬ್ಬ ಹೊಸದಾಗಿ ಸೇರಿದವನು, ಅವನಿಗೆ ಫಲದ ಅವಧಿ ಶುರುವಾಗುವುದೇ ಸೇರಿದ ಒಂಬತ್ತು ತಿಂಗಳ ಮೇಲೆ. ಇಬ್ಬರಿಗೂ ಇಲ್ಲ.

ವಿಮಾ ಸಂಖ್ಯೆ ಒಬ್ಬನಿಗೆ ಒಂದೇ, ಜೀವಮಾನಕ್ಕೆ ಒಂದೇ. ಕೆಲಸ ಬದಲಾದರೂ ಊರು ಬದಲಾದರೂ ಅದೇ ಸಂಖ್ಯೆ ಮುಂದುವರಿಯಬೇಕು. ಹಾಗಾಗಿ ಮಲ್ಲಪ್ಪನ ಮೇಲ್ಮನವಿಯಲ್ಲಿ ಟೈಫಾಯ್ಡ್ ಬಗ್ಗೆ ಒಂದು ಸಾಲೂ ಬೇಕಿಲ್ಲ, ಅದನ್ನು ಯಾರೂ ಅಲ್ಲಗಳೆದಿಲ್ಲ. ಬರೆಯಬೇಕಾದದ್ದು ಇಷ್ಟು:

“ನನ್ನ ವಿಮಾ ಸಂಖ್ಯೆ ಇಂಥದ್ದು. ಜುಲೈ 2025ರಲ್ಲಿ ಹೊಸ ಗುತ್ತಿಗೆದಾರರು ನನಗೆ ಇಂಥ ಎರಡನೇ ಸಂಖ್ಯೆಯನ್ನು ಮಾಡಿಸಿದ್ದಾರೆ. ಎರಡೂ ನನ್ನವೇ, ಆಧಾರ್ ಪ್ರತಿ ಮತ್ತು ಎರಡೂ ಕಾರ್ಡುಗಳ ಪ್ರತಿ ಲಗತ್ತಿಸಿದ್ದೇನೆ. ಮೊದಲನೆಯದರಲ್ಲಿ 64, ಎರಡನೆಯದರಲ್ಲಿ 70 ದಿನಗಳ ವಂತಿಗೆ ಇದೆ. ಎರಡನ್ನೂ ಒಂದುಗೂಡಿಸಿ, ದಿನಾಂಕ ಇಂಥದ್ದರ ನಿಮ್ಮ ತಿರಸ್ಕಾರವನ್ನು ಮರುಪರಿಶೀಲಿಸಿ, ನನ್ನ 18 ದಿನಗಳ ಭತ್ಯೆಯನ್ನು ಮಂಜೂರು ಮಾಡಬೇಕೆಂದು ಕೋರುತ್ತೇನೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಪಗಾರ ಚೀಟಿಗಳು ಹಾಗೂ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳು ಜೊತೆಗಿವೆ.”

ಇದನ್ನು ಓದಿದ ಅಧಿಕಾರಿಗೆ ಏನು ಮಾಡಬೇಕೆಂದು ಯೋಚಿಸುವ ಶ್ರಮವೇ ಇಲ್ಲ. ಒಳ್ಳೆಯ ಮೇಲ್ಮನವಿಯ ಗುರುತು ಅದೇ.

ಆದರೆ ಇದೇ ಉದಾಹರಣೆಯಲ್ಲಿ ಇನ್ನೂ ಒಂದು ಗಂಟು ಉಳಿದಿದೆ. ಜೂನ್ ತಿಂಗಳ ಉಳಿದ ಹತ್ತು ದಿನ ಯಾರ ಲೆಕ್ಕದಲ್ಲೂ ಇಲ್ಲ. ಹಳೆಯ ಗುತ್ತಿಗೆದಾರ ಬಿಟ್ಟ, ಹೊಸಬ ಜುಲೈಯಿಂದ ಬರೆದ. ಮಲ್ಲಪ್ಪನ ಮಟ್ಟಿಗೆ 134 ಇರುವುದರಿಂದ ಈ ಹತ್ತು ದಿನ ಬೇಕಾಗಲಿಲ್ಲ. 78ಕ್ಕೆ ನಾಲ್ಕು ದಿನ ಕಡಿಮೆ ಬಿದ್ದವನಿಗೆ ಇವೇ ಪ್ರಾಣ. ಗುತ್ತಿಗೆದಾರ ಹಣ ಕಟ್ಟಲೇ ಇಲ್ಲ ಎಂದರೆ ಕಾರ್ಮಿಕನ ಹಕ್ಕು ಹೋಯಿತೆ? ಹೋಗಲಿಲ್ಲ. ನಿಯಮದಲ್ಲಿ ಕೇಳಿರುವುದು ವಂತಿಗೆ ಕಟ್ಟಬೇಕಾಗಿದ್ದ ದಿನಗಳನ್ನು, ಕಟ್ಟಿದ ದಿನಗಳನ್ನಲ್ಲ. ಮಾಲೀಕ ಕಟ್ಟದೆ ಇದ್ದರೆ ನಿಗಮ ಕಾರ್ಮಿಕನಿಗೆ ಸಲ್ಲಬೇಕಾದ ಭತ್ಯೆಯನ್ನು ಕೊಟ್ಟು ಮಾಲೀಕನಿಂದ ವಸೂಲು ಮಾಡಬಹುದು ಎಂದು 1948ರ ಕಾಯ್ದೆಯಲ್ಲೇ ಇತ್ತು. ಆದರೆ ಆ ಹತ್ತು ದಿನ ನೀವು ಕೆಲಸ ಮಾಡಿದ್ದಿರಿ ಎಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಹಾಜರಿ ಕಾರ್ಡು, ಗೇಟ್ ಪಾಸು, ಸೂಪರ್‌ವೈಸರ್ ಕಳಿಸಿದ ಡ್ಯೂಟಿ ಪಟ್ಟಿಯ ವಾಟ್ಸ್‌ಆ್ಯಪ್ ಸಂದೇಶ, ಬ್ಯಾಂಕಿಗೆ ಬಂದ ಪಗಾರ, ಇವುಗಳಲ್ಲಿ ಯಾವುದಿದ್ದರೂ ಪ್ರತಿ ಇಟ್ಟು, ಸಾಮಾಜಿಕ ಭದ್ರತಾ ಅಧಿಕಾರಿಯಿಂದ ಸ್ಥಳ ತನಿಖೆ ಮಾಡಿಸಬೇಕೆಂದು ಕೇಳಿ. ಕೈಯಲ್ಲಿ ನಗದು ಪಗಾರ ತೆಗೆದುಕೊಂಡು ಎಲ್ಲಿಯೂ ಸಹಿ ಮಾಡದವರ ದಾರಿ ಕಠಿಣ. ಜೊತೆಗೆ ದುಡಿದ ಇಬ್ಬರ ಹೇಳಿಕೆಯಾದರೂ ಬರೆಸಿಕೊಳ್ಳಬೇಕಾಗುತ್ತದೆ.

ಹೆರಿಗೆ ಭತ್ಯೆಯ ತಿರಸ್ಕಾರವೂ ಇದೇ ಜಾತಿಯದು. ಅಲ್ಲಿ 78ರ ಬದಲು 70 ದಿನ, ಹಿಂದಿನ ಎರಡು ವಂತಿಗೆ ಅವಧಿಗಳನ್ನು ಕೂಡಿಸಿ. ಮನೆಗೆಲಸ ಬಿಟ್ಟು ಪ್ಯಾಕಿಂಗ್ ಘಟಕಕ್ಕೆ ಸೇರಿದ ಹೆಣ್ಣುಮಕ್ಕಳು ಈ ಲೆಕ್ಕವನ್ನು ಗರ್ಭಿಣಿಯಾದ ಮೊದಲ ತಿಂಗಳಲ್ಲೇ ನೋಡಿಕೊಳ್ಳುವುದು ಒಳ್ಳೆಯದು. ಪಗಾರ 21,000 ದಾಟಿತು ಎಂದು ತಳ್ಳಿಹಾಕಿದ್ದರೆ, ದಾಟಿದ್ದು ಯಾವ ತಿಂಗಳಲ್ಲಿ ಎಂದು ನೋಡಿ. ವಂತಿಗೆ ಅವಧಿಯ ನಡುವೆ ಪಗಾರ ಏರಿದರೆ ಆ ಅವಧಿ ಮುಗಿಯುವವರೆಗೂ ನೀವು ವಿಮೆಯ ಒಳಗೇ ಇರುತ್ತೀರಿ.

ಕೆಲಸದಲ್ಲಿ ಆದ ಗಾಯದ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಹಣವೂ ದೊಡ್ಡದು, ತಪ್ಪೂ ದೊಡ್ಡದು.

ಪುಣೆಯ ಸುತ್ತ ವಾಹನಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಬಹಳ. ಪವರ್ ಪ್ರೆಸ್‌ನಲ್ಲಿ ಬೆರಳು ಹೋಗುವುದು ಅಲ್ಲಿಯ ಸಾಮಾನ್ಯ ಅಪಘಾತ. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ ಇಂಥ ಗಾಯಾಳುಗಳ ಬಗ್ಗೆ 2019ರಿಂದ ವರದಿಗಳನ್ನು ತರುತ್ತಿದೆ. ಅದು ಮತ್ತೆ ಮತ್ತೆ ಹೇಳುವ ಒಂದು ಸಂಗತಿ ಎಂದರೆ, ಎಷ್ಟೋ ಕಾರ್ಮಿಕರಿಗೆ ಇ.ಎಸ್.ಐ. ಕಾರ್ಡು ಸಿಕ್ಕಿದ್ದು ಅಪಘಾತ ಆದ ಮೇಲೆ. ಕೆಲಸಕ್ಕೆ ಸೇರಿದ ದಿನವೇ ನೋಂದಣಿ ಆಗಬೇಕು ಎಂಬುದು ನಿಯಮ. ಗಾಯದ ಭತ್ಯೆಗೆ 78 ದಿನವೂ ಬೇಡ, 70 ದಿನವೂ ಬೇಡ. ಸೇರಿದ ಮೊದಲ ದಿನ ಬೆರಳು ಹೋದರೂ ಹಕ್ಕಿದೆ. ವಾಸಿಯಾಗುವವರೆಗೆ ದಿನಗೂಲಿಯ ಶೇ. 90. ಮಾಲೀಕ ಅಪಘಾತ ವರದಿಯನ್ನು ಸಲ್ಲಿಸಬೇಕು, ಕಾರ್ಖಾನೆಯ ಅಪಘಾತ ಪುಸ್ತಕದಲ್ಲಿ ಬರೆಯಬೇಕು. ಆದರೆ ಅನೇಕ ಕಡೆ ‘ಮನೆಯಲ್ಲಿ ಬಾಗಿಲಿಗೆ ಸಿಕ್ಕಿಕೊಂಡಿತು ಎಂದು ಹೇಳು, ಖರ್ಚು ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಬರುತ್ತದೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಆ ಸುಳ್ಳು ಒಮ್ಮೆ ಬರೆಸಿದರೆ ಮುಂದಿನ ಎಲ್ಲ ಬಾಗಿಲುಗಳೂ ಮುಚ್ಚಿದಂತೆ. ಮೊದಲ ಚಿಕಿತ್ಸೆಯ ಚೀಟಿಯಲ್ಲಿ ‘ಕೆಲಸದ ಸ್ಥಳದಲ್ಲಿ, ಪ್ರೆಸ್ ಯಂತ್ರದಲ್ಲಿ, ಇಷ್ಟು ಗಂಟೆಗೆ’ ಎಂದು ಬರೆಸಿ. ನೋವಿನಲ್ಲಿ ಕೂಗುತ್ತಿರುವವನಿಗೆ ಇದು ನೆನಪಾಗದು. ಜೊತೆಗೆ ಹೋದವರು ನೆನಪಿಡಬೇಕು.

ಗಾಯ ಮಾಗಿದ ಮೇಲೆ ಶಾಶ್ವತ ನಷ್ಟ ಎಷ್ಟು ಎಂದು ವೈದ್ಯಕೀಯ ಮಂಡಳಿ ಶೇಕಡಾ ಲೆಕ್ಕದಲ್ಲಿ ಹೇಳುತ್ತದೆ. ಇದಕ್ಕೆ 1948ರ ಕಾಯ್ದೆಯಲ್ಲಿ ಒಂದು ಪಟ್ಟಿಯೇ ಇದೆ. ಹೆಬ್ಬೆರಳು ಹೋದರೆ ಶೇ. 30. ತೋರುಬೆರಳು ಪೂರ್ತಿ ಹೋದರೆ 14, ಅದರ ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣು ಹೋದರೆ 9. ಕಿರುಬೆರಳು ಪೂರ್ತಿ ಹೋದರೆ 7. ಓದಲು ಸಂಕಟವಾಗುವ ಪಟ್ಟಿ, ಆದರೆ ಕಾರ್ಮಿಕನ ಜೀವಮಾನದ ಹಣ ಇದರಲ್ಲೇ ಇದೆ. ದಿನಗೂಲಿ 600 ಇದ್ದವನ ಪೂರ್ತಿ ದರ 540 ರೂಪಾಯಿ. ಮಂಡಳಿ 9 ಎಂದರೆ ದಿನಕ್ಕೆ 48 ರೂಪಾಯಿ 60 ಪೈಸೆ, 11 ಎಂದರೆ 59 ರೂಪಾಯಿ 40 ಪೈಸೆ. ವ್ಯತ್ಯಾಸ ಹತ್ತು ರೂಪಾಯಿ ಚಿಲ್ಲರೆ, ‘ಹೋಗಲಿ ಬಿಡು’ ಎನಿಸುತ್ತದೆ. ವರ್ಷಕ್ಕೆ ಅದು ಸುಮಾರು 3,900 ರೂಪಾಯಿ, ಇದು ಸಾಯುವವರೆಗೂ ಬರುವ ಹಣ. 26 ವರ್ಷದ ಹುಡುಗನ ವಿಷಯದಲ್ಲಿ ಈ ಎರಡು ಅಂಕ ಲಕ್ಷ ದಾಟುತ್ತದೆ.

ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲವೇ ನೇರವಾಗಿ ಇ.ಎಸ್.ಐ. ಕೋರ್ಟಿಗೆ. ಗಡುವು ಮೂರು ತಿಂಗಳು. ಎಕ್ಸ್‌ರೇ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಇನ್ನೊಬ್ಬ ಮೂಳೆ ವೈದ್ಯರ ಅಭಿಪ್ರಾಯ, ಇಷ್ಟು ಇರಲಿ. ಬೆರಳಿನ ಎಷ್ಟು ಗೆಣ್ಣು ಹೋಗಿದೆ ಎಂಬುದನ್ನು ಎಕ್ಸ್‌ರೇ ಸುಳ್ಳಿಲ್ಲದೆ ಹೇಳುತ್ತದೆ. ಒಂದು ಎಚ್ಚರಿಕೆ: ದಿನದ ಮೊತ್ತ ತೀರಾ ಚಿಕ್ಕದಾಗಿದ್ದಾಗ ತಿಂಗಳ ಹಣದ ಬದಲು ಒಂದೇ ಸಲ ಇಡಿಗಂಟಾಗಿ ತೆಗೆದುಕೊಳ್ಳುವ ಅವಕಾಶವಿದೆ. ಮಂಡಳಿಯ ಶೇಕಡಾವನ್ನು ಹಿಡಿದು ಇಡಿಗಂಟಿಗೆ ಅರ್ಜಿ ಹಾಕಿ ಹಣ ಪಡೆದಿರೋ, ಆ ಶೇಕಡಾದ ವಿರುದ್ಧ ನಿಮ್ಮ ಮೇಲ್ಮನವಿಯ ಹಕ್ಕು ಹೋಯಿತು. ಊರಲ್ಲಿ ಮದುವೆಯಿದೆ ಎಂದು ಅವಸರ ಮಾಡುವವರಿಗೆ ಇದನ್ನು ಎರಡು ಸಲ ಹೇಳಬೇಕು.

ಕೆಲಸಕ್ಕೆ ಬರುವ ದಾರಿಯಲ್ಲಿ ಅಪಘಾತವಾದರೆ? ಕಾತ್ರಜ್ ಘಾಟಿನ ಕಡೆಯಿಂದಲೋ ಹಡಪಸರ್ ಕಡೆಯಿಂದಲೋ ದಿನಾ ಬೈಕಿನಲ್ಲಿ ಓಡಾಡುವವರಿಗೆ ಇದು ನಿತ್ಯದ ಪ್ರಶ್ನೆ. ಇದರ ಹಿಂದೆ ದೊಡ್ಡ ಕಥೆಯಿದೆ. 1971ರ ಜೂನ್ 26ರಂದು ಕೇರಳದ ಕಾರ್ಮಿಕನೊಬ್ಬ ಸೈಕಲ್ ತುಳಿಯುತ್ತ ಕಾರ್ಖಾನೆಗೆ ಬರುತ್ತಿದ್ದ. ಪಾಳಿ ಶುರುವಾಗುವುದು ಸಂಜೆ ನಾಲ್ಕೂವರೆಗೆ. ನಾಲ್ಕೂಕಾಲಿಗೆ, ಕಾರ್ಖಾನೆ ಇನ್ನೊಂದು ಕಿಲೋಮೀಟರ್ ಇರುವಾಗ, ಲಾರಿ ಬಡಿದು ಕೊರಳೆಲುಬು ಮುರಿಯಿತು. ಲಾರಿ ಅವನ ಮಾಲೀಕರದ್ದೇ. ಇ.ಎಸ್.ಐ. ಭತ್ಯೆ ನಿರಾಕರಿಸಿತು. ಇ.ಎಸ್.ಐ. ಕೋರ್ಟಿನಲ್ಲಿ ಅವನು ಗೆದ್ದ, ಹೈಕೋರ್ಟಿನಲ್ಲೂ ಗೆದ್ದ. 1996ರಲ್ಲಿ ಸುಪ್ರೀಂ ಕೋರ್ಟ್ ನಿಗಮದ ಪರ ತೀರ್ಪಿತ್ತಿತು: ದಾರಿಯಲ್ಲಿ ಆದದ್ದು ಉದ್ಯೋಗದಿಂದ ಆದ ಗಾಯವಲ್ಲ. ಇಪ್ಪತ್ತೈದು ವರ್ಷ ಹೋರಾಡಿ ಅವನು ಸೋತ. ಆಮೇಲೆ 2010ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿತು. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸದಿಂದ ಮನೆಗೆ ಮರಳುವಾಗ ಆದ ಅಪಘಾತವನ್ನೂ, ಸಮಯ, ಸ್ಥಳ, ಸಂದರ್ಭಕ್ಕೂ ಉದ್ಯೋಗಕ್ಕೂ ಸಂಬಂಧ ಕಂಡುಬಂದರೆ, ಉದ್ಯೋಗದ ಗಾಯ ಎಂದೇ ಎಣಿಸಬೇಕು ಎಂದಾಯಿತು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರ ಏಪ್ರಿಲ್ 22ರಂದು ನಸುಕಿನ ಮೂರು ಗಂಟೆಯ ಪಾಳಿಗೆ ಬೈಕಿನಲ್ಲಿ ಹೊರಟವನು ಕಾರ್ಖಾನೆಗೆ ಐದು ಕಿಲೋಮೀಟರ್ ದೂರದಲ್ಲಿ ಅಪಘಾತದಲ್ಲಿ ತೀರಿಕೊಂಡ. ಅವನದು ಇ.ಎಸ್.ಐ. ಅಲ್ಲ, ನೌಕರರ ಪರಿಹಾರ ಕಾಯ್ದೆಯ ಪ್ರಕರಣ. ಕೆಳಗಿನ ನ್ಯಾಯಾಲಯ 3,26,140 ರೂಪಾಯಿ ಕೊಡಿಸಿತು, ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಆ ಹಣವನ್ನು ಕುಟುಂಬಕ್ಕೆ ಮರಳಿ ಕೊಡಿಸಿತು. 2010ರ ತಿದ್ದುಪಡಿ ಹಿಂದಿನ ಅಪಘಾತಗಳಿಗೂ ಅನ್ವಯಿಸುತ್ತದೆ, ಪರಿಹಾರ ಕಾಯ್ದೆಯನ್ನೂ ಅದೇ ಬೆಳಕಿನಲ್ಲಿ ಓದಬೇಕು ಎಂದಿತು. ಆದ್ದರಿಂದ ಇವತ್ತು ಯಾರಾದರೂ ‘ರಸ್ತೆಯಲ್ಲಿ ಆದದ್ದು ನಮಗೆ ಸಂಬಂಧವಿಲ್ಲ’ ಎಂದರೆ ಅದು ಹಳೆಯ ಕಾನೂನು. ನೀವು ತೋರಿಸಬೇಕಾದದ್ದು ಪಾಳಿಯ ಸಮಯ, ಅಪಘಾತದ ಸಮಯ, ಮತ್ತು ಅದು ಮನೆ-ಕೆಲಸದ ನೇರ ದಾರಿ ಎಂಬುದು. ಪೊಲೀಸ್ ಪಂಚನಾಮೆಯ ಪ್ರತಿ ಇದಕ್ಕೆ ಒಳ್ಳೆಯ ಆಧಾರ. ದಾರಿಯಲ್ಲಿ ಮಾವನ ಮನೆಗೆ ತಿರುಗಿದ್ದರೆ ವಾದ ದುರ್ಬಲವಾಗುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು ಎಂಬುದು. ಕ್ಲೇಮು ಕೊಟ್ಟ ಶಾಖಾ ಕಚೇರಿಗೇ ಮೊದಲು ಮರುಪರಿಶೀಲನೆಯ ಅರ್ಜಿ. ಅಲ್ಲಿ ಆಗದಿದ್ದರೆ ಬಿಬವೇವಾಡಿಯ ಉಪ ಪ್ರಾದೇಶಿಕ ಕಚೇರಿ. ಸುವಿಧಾ ಸಮಾಗಮ ಎಂಬ ಅಹವಾಲು ಸಭೆ ತಿಂಗಳಿಗೊಮ್ಮೆ ನಡೆಯುತ್ತದೆ, ಅಧಿಕಾರಿಯ ಎದುರು ಕೂತು ಮಾತಾಡಲು ಅದು ಒಳ್ಳೆಯ ಅವಕಾಶ. ದಿನ ಯಾವುದೆಂದು ನೋಟಿಸ್ ಬೋರ್ಡಿನಲ್ಲಿ ನೋಡಿ. 1800-11-2526 ಎಂಬ ನಿಗಮದ ಉಚಿತ ದೂರವಾಣಿಯಿದೆ, ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲಿನಲ್ಲೂ ದೂರು ಹಾಕಬಹುದು. ಕಡತದಲ್ಲಿ ಏನಿದೆ ಎಂದು ತಿಳಿಯದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ತನಿಖಾ ವರದಿಯ ಪ್ರತಿ ಕೈಗೆ ಸಿಕ್ಕಿದ ಮೇಲೆ ಎಷ್ಟೋ ಮೇಲ್ಮನವಿಗಳ ಸ್ವರೂಪವೇ ಬದಲಾಗುತ್ತದೆ.

ಹೊಸಬರು ದಾರಿ ತಪ್ಪುವ ಒಂದು ಜಾಗವಿದೆ. ಇ.ಎಸ್.ಐ. ಕಾನೂನಿನಲ್ಲಿ ‘ಮೇಲ್ಮನವಿ ಪ್ರಾಧಿಕಾರ’ ಎಂಬ ಹೆಸರು ಕಾಣುತ್ತದೆ, 60 ದಿನದ ಗಡುವು, ಶೇ. 25 ಠೇವಣಿ ಎಂದೆಲ್ಲ ಇರುತ್ತದೆ. ಅದು ವಂತಿಗೆಯ ಬಾಕಿಯ ಬಗ್ಗೆ ತಕರಾರಿರುವ ಮಾಲೀಕರಿಗೆ. ಕಾರ್ಮಿಕ ಠೇವಣಿ ಇಡಬೇಕಿಲ್ಲ, ಹೆದರಬೇಕಿಲ್ಲ.

ಕಾರ್ಮಿಕನ ಕೊನೆಯ ಬಾಗಿಲು ಇ.ಎಸ್.ಐ. ಕೋರ್ಟು. ಭತ್ಯೆಯ ವ್ಯಾಜ್ಯವನ್ನು ಸಿವಿಲ್ ಕೋರ್ಟ್ ಕೇಳುವುದಿಲ್ಲ, ಇದೇ ಕೇಳಬೇಕು. ಭತ್ಯೆ ಸಲ್ಲಬೇಕಾದ ದಿನದಿಂದ 12 ತಿಂಗಳೊಳಗೆ ನಿಗಮಕ್ಕೆ ಕ್ಲೇಮು ಕೊಟ್ಟಿರಬೇಕು, ಕೋರ್ಟಿಗೆ ಹೋಗಲು ಮೂರು ವರ್ಷದ ಗಡುವು. ವಕೀಲರೇ ಬೇಕೆಂದಿಲ್ಲ. ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಗೆ ಬರಹದಲ್ಲಿ ಅಧಿಕಾರ ಕೊಟ್ಟರೆ ಅವರೇ ನಿಮ್ಮ ಪರವಾಗಿ ನಿಲ್ಲಬಹುದು. ಪುಣೆಯಂಥ ಸಂಘಟನೆಯ ಊರಿನಲ್ಲಿ ಇದನ್ನು ಬಳಸಿಕೊಳ್ಳದಿರುವುದು ದಡ್ಡತನ. ಅಲ್ಲಿಂದ ಮೇಲೆ ಹೈಕೋರ್ಟು, 60 ದಿನದೊಳಗೆ, ಅದೂ ಕಾನೂನಿನ ಗಹನ ಪ್ರಶ್ನೆ ಇದ್ದರೆ ಮಾತ್ರ.

‘ದೂರು ಕೊಟ್ಟರೆ ಕೆಲಸ ಹೋಗುತ್ತದೆ’ ಎಂಬ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕಾಯಿಲೆ ಭತ್ಯೆ, ಹೆರಿಗೆ ಭತ್ಯೆ, ಗಾಯದ ಭತ್ಯೆ ಪಡೆಯುತ್ತಿರುವ ಕಾಲದಲ್ಲಿ ಕೆಲಸದಿಂದ ತೆಗೆಯುವಂತಿಲ್ಲ ಎಂಬುದು ಕಾನೂನು. ಗುತ್ತಿಗೆ ಕೆಲಸದಲ್ಲಿ ಕಾನೂನು ಎಷ್ಟು ದೂರ ನಡೆಯುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ನಾಲ್ಕು ಜನ ಸೇರಿ ಬರೆಯುವುದು ಒಬ್ಬನೇ ಬರೆಯುವುದಕ್ಕಿಂತ ಸುರಕ್ಷಿತ. ಒಬ್ಬ ಗುತ್ತಿಗೆದಾರ ಎರಡೆರಡು ಸಂಖ್ಯೆ ಮಾಡಿಸಿದ್ದರೆ ಅದು ಮಲ್ಲಪ್ಪನೊಬ್ಬನಿಗೇ ಮಾಡಿಸಿರುವುದಿಲ್ಲ.

ಇದನ್ನು ಓದುತ್ತಿರುವ ನೀವು ಇವತ್ತು ಆರೋಗ್ಯವಾಗಿಯೇ ಇರಬಹುದು. ಹಾಗಿದ್ದರೂ ನಾಳೆ ಡ್ಯೂಟಿಗೆ ಹೋಗುವ ಮೊದಲು ನಿಮ್ಮ ವಿಮಾ ಸಂಖ್ಯೆಯನ್ನು ನಿಗಮದ ಜಾಲತಾಣದಲ್ಲಿ ಹಾಕಿ, ಕಳೆದ ಅವಧಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ದಿನ ಬಿದ್ದಿವೆ ಎಂದು ನೋಡಿ. 78ಕ್ಕಿಂತ ಕಡಿಮೆ ಕಂಡರೆ ಜ್ವರ ಬರುವವರೆಗೆ ಕಾಯಬೇಡಿ, ಈಗಲೇ ಬರೆಯಿರಿ.